ಮುಚ್ಚಳದಲ್ಲಿ ಉಳಿದ ಕರಿ ಮರಳು

ಮೊನ್ನೆ ಇಲ್ಲೇ ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್‌ನಲ್ಲಿ ಯಾರದೋ ಗೃಹಪ್ರವೇಶದ ಪಾಟ್‌ಲಕ್, ಒಬ್ಬೊಬ್ಬರು ಒಂದೊಂದು ಅಡುಗೆ ಒಯ್ಯುವ ಊಟ. ನನ್ನ ಪಾಲಿಗೆ ಎಂದಿನಂತೆ ಮೊಸರನ್ನ. ನಾನು ಬೇರೆ ಏನು ಮಾಡಿಕೊಂಡು ಹೋದರೂ ಜನ ಡಬ್ಬಿ ತೆಗೆದು, "ಓ, ಮೊಸರನ್ನ ಅಲ್ವಾ ಆಂಟಿ?" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಹಾಗಾಗಿ ದೊಡ್ಡ ಸ್ಟೀಲ್ ಡಬ್ಬಿ ಹೊರಗೆ ತೆಗೆದೆ. ಅದರ ಮುಚ್ಚಳಕ್ಕೆ ಒಂದು ರಬ್ಬರ್ ಬಳೆ ಇದೆ. ಅದನ್ನು ಬಿಡಿಸಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ ನಾನರಿಯೆ. ನನಗಂತೂ ವರ್ಷಕ್ಕೊಮ್ಮೆ ಜ್ಞಾನೋದಯವಾದಾಗ ಮಾತ್ರ.

ಬಿಡಿಸಿದೆ. ಒಳಗೆ ಕಪ್ಪಗೆ ಏನೋ ಕೂತಿತ್ತು. ಒಗ್ಗರಣೆಯ ಸಾಸಿವೆ ಸೀದದ್ದು ಎಂದುಕೊಂಡೆ. ಬೆರಳಿನಲ್ಲಿ ಉಜ್ಜಿದರೆ ಚುರುಕ್ ಎಂದಿತು. ಕಿಟಕಿಯ ಬೆಳಕಿಗೆ ಹಿಡಿದರೆ ಮಿಣುಮಿಣು ಹೊಳೆಯಿತು. ಮೂವತ್ತು ಚಿಲ್ಲರೆ ವರ್ಷ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವಳು ನಾನು. ಅದು ಸಾಸಿವೆಯಲ್ಲ, ಜ್ವಾಲಾಮುಖಿಯ ಮರಳು ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ.

ಹವಾಯಿ ದ್ವೀಪದಿಂದ ಒಂದು ಕಲ್ಲು, ಒಂದು ಚಿಟಿಕೆ ಮರಳು ಕೂಡ ತರಬಾರದು. ಅಲ್ಲಿಯವರು ಅದನ್ನು ಕಾನೂನಿಗಿಂತ ಹೆಚ್ಚು ಮನಸ್ಸಿನಿಂದ ಹೇಳುತ್ತಾರೆ. ನಾನು ಕದ್ದದ್ದಲ್ಲ, ಮೊಸರನ್ನದ ಜೊತೆ ಅದೇ ಬಂದದ್ದು. ಆದರೂ ಚರಂಡಿಗೆ ಬಿಡಲು ಮನಸ್ಸು ಬರಲಿಲ್ಲ. ದೇವರ ಗೂಡಿನಲ್ಲಿ ಬೆಳ್ಳಿಯ ಕುಂಕುಮದ ಭರಣಿಯೊಂದು ಖಾಲಿ ಇತ್ತು, ಅದರಲ್ಲಿ ತುಂಬಿಟ್ಟೆ. ಬರುವ ತಿಂಗಳು ಅದನ್ನು ಅಲ್ಲಿಗೇ ಒಯ್ಯುವವಳಿದ್ದೇನೆ. ಯಾಕೆ ಹೋಗುತ್ತಿದ್ದೇನೆ, ಆ ಭರಣಿ ಯಾಕೆ ಖಾಲಿ ಇತ್ತು, ಎರಡನ್ನೂ ಹೇಳುತ್ತೇನೆ. ಸ್ವಲ್ಪ ಅಡ್ಡದಾರಿ ಹಿಡಿದರೆ ಸಹಿಸಿಕೊಳ್ಳಿ.

ಆ ದ್ವೀಪಕ್ಕೆ ಹೋಗಬೇಕೆಂದು ಆಸೆಪಟ್ಟವರು ನಮ್ಮವರು. ಟೆಲಿಕಾಂ ಇಂಜಿನಿಯರ್. ಕೆಲಸದಲ್ಲಿ ಚುರುಕು, ಪ್ರವಾಸದಲ್ಲಿ ಆಮೆ. ದಾರಿಯಲ್ಲಿ ಕಾಣುವ ಪ್ರತಿ ಮಾಹಿತಿ ಫಲಕದ ಮುಂದೆ ಕಾರು ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು ಅವರ ಚಟ. ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲೀಸ್‌ಗೆ ಮೈದುನನ ಮನೆಗೆ ಹೋಗುವಾಗ ಸಮುದ್ರ ಕಾಣುವ ಒಂದು ರೆಸ್ಟ್ ಏರಿಯಾ ಬರುತ್ತದೆ. ಅಲ್ಲಿನ ಫಲಕವನ್ನು ಅವರು ಎಷ್ಟು ಸಲ ಓದಿದ್ದರೆಂದರೆ ಮಗಳು ಅಪೂರ್ವ ಚಿಕ್ಕವಳಿದ್ದಾಗ ಅದನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು. ನಾನು ಕಾರಿನ ಬಾನೆಟ್ ಮೇಲೆ ಮೊಸರನ್ನ ಬಡಿಸುತ್ತಿದ್ದೆ. "ರೀ, ಅದರಲ್ಲಿ ಹೊಸದಾಗಿ ಏನು ಬರೆದಿರ್ತಾರೆ, ಬನ್ನಿ" ಎಂದರೆ, "ಯಾರೋ ಕಷ್ಟಪಟ್ಟು ಬರೆದಿರ್ತಾರೆ ಕಣೇ, ನಾವಾದ್ರೂ ಓದಬೇಡ್ವಾ?" ಎನ್ನುತ್ತಿದ್ದರು. ರಿಟೈರ್ ಆದ ಮೇಲೆ ಜ್ವಾಲಾಮುಖಿ ನೋಡೋಣ, ಅಲ್ಲಿ ಸಾವಿರ ಫಲಕ ಇರುತ್ತವೆ ಎಂದಿದ್ದರು. ಇಪ್ಪತ್ತೊಂದರ ಚಳಿಗಾಲದಲ್ಲಿ ಕೊರೊನಾ ಬಂತು, ಆಸ್ಪತ್ರೆಗೆ ಹೋದರು, ಬರಲಿಲ್ಲ. ಒಬ್ಬ ನರ್ಸ್ ಹಿಡಿದುಕೊಂಡಿದ್ದ ಐಪ್ಯಾಡಿನಲ್ಲಿ ನಾನು ಅವರನ್ನು ಕೊನೆಯ ಸಲ ನೋಡಿದೆ. ಮುಟ್ಟಲಿಲ್ಲ.

ಕುಂಕುಮದ ವಿಷಯ ಇಲ್ಲಿಂದ ಶುರು. ಯಾರೂ ನನಗೆ ಇಟ್ಟುಕೊಳ್ಳಬೇಡ ಎನ್ನಲಿಲ್ಲ. ಈ ಊರಿನಲ್ಲಿ ಹಾಗೆ ಹೇಳುವವರೂ ಇಲ್ಲ. ಹೂವು, ಬಳೆ, ಕುಂಕುಮ ಯಾಕೆ ಬಿಡಬೇಕು ಎಂದು ಒಂದು ಕಾಲದಲ್ಲಿ ಕನ್ನಡ ಕೂಟದ ಹರಟೆಯಲ್ಲಿ ಟೇಬಲ್ ಕುಟ್ಟಿ ವಾದಿಸಿದವಳು ನಾನೇ. ಆದರೆ ಲಾಕ್‌ಡೌನ್ ಮುಗಿದು ಬಾಗಿಲುಗಳು ಮತ್ತೆ ತೆರೆದ ಮೇಲೆ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಬೀದಿಯ ಹುಡುಗಿಯ ಮನೆಗೆ ಗೌರಿ ಹಬ್ಬಕ್ಕೆ ಹೋದೆನಲ್ಲ, ಅವಳು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಾಗ ನನ್ನ ಕೈ ತಾನಾಗಿ ಹಿಂದಕ್ಕೆ ಹೋಯಿತು. ಬುದ್ಧಿಯನ್ನು ಕೇಳಲೇ ಇಲ್ಲ. ಪಾಪ, ಆ ಹುಡುಗಿ ತಟ್ಟೆ ಹಿಡಿದು ತಬ್ಬಿಬ್ಬಾಗಿ ನಿಂತಳು. ಮುಂದಿನ ಸಲದಿಂದ ಎಲ್ಲರೂ ನನಗೆ ಮುಜುಗರವಾಗದಿರಲಿ ಎಂದು, ತಟ್ಟೆಯನ್ನು ನನ್ನ ಹತ್ತಿರ ತರದೆ ನಯವಾಗಿ ಆಚೆ ದಾಟಿಸತೊಡಗಿದರು. ಆ ಒಳ್ಳೆಯತನ ನನಗೆ ತುಂಬಾ ನೋವು ಕೊಟ್ಟಿತು. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಹಿಂದಕ್ಕೆ ತೆಗೆದ ಕೈ ನನ್ನದೇ ತಾನೇ. ದೇವರ ಗೂಡಿನ ಭರಣಿಯಲ್ಲಿ ಕುಂಕುಮ ಮುಗಿದ ಮೇಲೆ ಮತ್ತೆ ತುಂಬಲೂ ಇಲ್ಲ.

ಹೀಗಿರುವಾಗ ಅಪೂರ್ವಳ ಮದುವೆ ಗೊತ್ತಾಯಿತು. ಹುಡುಗ ಮರಾಠಿಯವನು, ಲಾಸ್ ಏಂಜಲೀಸ್‌ನಲ್ಲಿ ಅವಳ ಆಫೀಸಿನವನೇ. ಹಾಲ್ ಬುಕ್ ಆಯಿತು, ಪುರೋಹಿತರು ಸಿಕ್ಕರು, ಎಲ್ಲದರ ಮಾತೂ ಆಯಿತು. ಧಾರೆಯ ಮಾತು ಮಾತ್ರ ಯಾರೂ ಎತ್ತಲಿಲ್ಲ. ನಮ್ಮಲ್ಲಿ ಧಾರೆಯೆಂದರೆ ನಿಮಗೆ ಗೊತ್ತೇ ಇದೆ. ಮಗಳ ಕೈಯೊಳಗಿನ ತೆಂಗಿನಕಾಯಿಗೆ ಅಪ್ಪ ಕೈಯೊಡ್ಡಿ ಹಿಡಿಯುತ್ತಾನೆ, ಅಮ್ಮ ಗಿಂಡಿಯಿಂದ ನೀರು ಬಿಡುತ್ತಾಳೆ. ದಂಪತಿಗಳು ಕೂರಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಕಾಯುತ್ತಿದ್ದರು. ನಾನೇ ಕಟ್ಟಿದೆ. ಮೈದುನ ರವಿ, ವಾರಗಿತ್ತಿ ಸುಧಾ ಕೂತು ಧಾರೆ ಎರೆಯಲಿ ಎಂದು ಫೋನಿನಲ್ಲಿ ಹಾಲಿನ ಪ್ಯಾಕೆಟ್ ತರಲು ಹೇಳುವ ದನಿಯಲ್ಲಿ ಹೇಳಿ ಮುಗಿಸಿದೆ. ಸುಧಾ "ಅಕ್ಕ..." ಎಂದು ಏನೋ ಶುರು ಮಾಡಿದಳು. ಕುಕ್ಕರ್ ಕೂಗುತ್ತಿದೆ ಎಂದು ಫೋನ್ ಇಟ್ಟೆ. ಕುಕ್ಕರ್ ಇಟ್ಟೇ ಇರಲಿಲ್ಲ.

ಅಪೂರ್ವಳಿಗೆ ಹೇಳಿದಾಗ ಅವಳು "ಓಕೆ" ಎಂದಳು. ಅವಳ ಓಕೆಯಲ್ಲಿ ಎರಡು ಜಾತಿ ಇದೆ. ಒಂದು ಒಪ್ಪಿಗೆ, ಇನ್ನೊಂದು ಬಾಗಿಲು ಹಾಕಿಕೊಳ್ಳುವುದು. ಇದು ಎರಡನೆಯದು. ವಾರ ಕಳೆದ ಮೇಲೆ ಅವಳೇ ಫೋನ್ ಮಾಡಿ, ಹವಾಯಿಗೆ ಟಿಕೆಟ್ ಮಾಡಿದ್ದೇನೆ, ನೀನು ಮತ್ತು ನಾನು, ಜ್ವಾಲಾಮುಖಿಗೆ ಪ್ರೈವೇಟ್ ಡೇ ಟೂರ್ ಬುಕ್ ಆಗಿದೆ ಎಂದಳು. ಮದುವೆ ತಲೆಯ ಮೇಲಿದೆ, ಬ್ಲೌಸು ಹೊಲಿಸಿಲ್ಲ ಎಂದು ಕೂಗಾಡಿದೆ. "ಅಮ್ಮ, ಡ್ಯಾಡಿ ವಾಂಟೆಡ್ ಟು ಗೋ" ಎಂದಳು. ಸೂಟ್‌ಕೇಸ್ ಕೆಳಗಿಳಿಸಿದೆ.

ಪ್ರೈವೇಟ್ ಎಂದರೆ ಹತ್ತು ಜನ ಕೂರುವ ವ್ಯಾನಿನಲ್ಲಿ ನಾವಿಬ್ಬರೇ. ಬೆಳಗ್ಗೆ ಹೋಟೆಲಿನ ಬಾಗಿಲಿಗೆ ವ್ಯಾನ್ ತಂದ ಗೈಡ್ ನನ್ನ ವಯಸ್ಸಿನ ಹೆಂಗಸು, ಹೆಸರು ಮಾಲಿಯಾ. ಆ ದ್ವೀಪದಲ್ಲಿ ಹುಟ್ಟಿ ಬೆಳೆದವಳು. ಅಲ್ಲಿಯೂ ನಮ್ಮ ಹಾಗೆ ಹಿರಿಯ ಹೆಂಗಸರನ್ನೆಲ್ಲ ಆಂಟಿ ಎನ್ನುತ್ತಾರಂತೆ. ನಾನು ಅವಳಿಗೆ ಆಂಟಿ, ಅವಳು ನನಗೆ ಆಂಟಿ. ಇಡೀ ದಿನ ಇಬ್ಬರು ಮುದುಕಿಯರು ಹೀಗೆ ಕರೆದುಕೊಂಡೆವು, ಅಪೂರ್ವ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು.

ವ್ಯಾನ್ ಹತ್ತುವ ಮೊದಲೇ ಪೇಚಾಟ. ಮಾಲಿಯಾ ಒಂದು ಹೂವಿನ ಹಾರ ತಂದು ನನ್ನ ಕೊರಳಿಗೆ ಹಾಕಲು ಬಂದಳು. ಅದು ಅವರ ಸ್ವಾಗತದ ಪದ್ಧತಿ. ಕೈ ಮತ್ತೆ ತಾನಾಗಿ ಅಡ್ಡ ಹೋಯಿತು. "ಹೂವು ಅಲರ್ಜಿನಾ ಆಂಟಿ?" ಎಂದು ಕೇಳಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾಕೆಂದು, ಹೌದು ಎಂದೆ. ಸರಿ ಬಿಡಿ ಎಂದು ವ್ಯಾನಿನೊಳಗಿಂದ ಉದ್ದನೆಯ ಹಸಿರೆಲೆ ಹೊಸೆದು ಮಾಡಿದ ಇನ್ನೊಂದು ಹಾರ ತಂದು ಕೊರಳಿಗೆ ಹಾಕಿಯೇಬಿಟ್ಟಳು. ಎಲೆಗೂ ಅಲರ್ಜಿ ಎನ್ನಲು ನಾಲಿಗೆ ಏಳಲಿಲ್ಲ. ಕೊಟ್ಟವರ ಎದುರಿಗೆ ಅದನ್ನು ತೆಗೆಯುವುದೂ ಅಮರ್ಯಾದೆಯಂತೆ. ಹೀಗಾಗಿ ಇಡೀ ದಿನ ಹಾರ ಹಾಕಿಕೊಂಡು ಸಭೆಯ ಅಧ್ಯಕ್ಷೆಯ ಹಾಗೆ ಓಡಾಡಿದೆ.

ಮೇಲೆ ಹೋದೆವು. ಬೆಂಕಿ ಆವತ್ತು ಕಾಣಿಸಲಿಲ್ಲ. ದೊಡ್ಡ ಕುಳಿ, ಅದರ ಬಿರುಕುಗಳಿಂದ ಬಿಸಿ ಹಬೆ, ಕೊಳೆತ ಮೊಟ್ಟೆಯ ವಾಸನೆ. ಕುಳಿಯ ಅಂಚಿಗೆ ಹೋಗುವ ಮುಂಚೆ ಮಾಲಿಯಾ ನಿಂತು, ಕಣ್ಣು ಮುಚ್ಚಿ, ಅವರ ಭಾಷೆಯಲ್ಲಿ ಏನೋ ಹಾಡಿನಂತೆ ಹೇಳಿದಳು. ಅಮ್ಮನ ಮನೆ ಇದು, ಬರಲೇ ಎಂದು ಕೇಳಬೇಕು ಎಂದಳು. ಅವರ ಅಮ್ಮ ಬೆಂಕಿಯ ದೇವಿ, ಪೆಲೆ ಎಂದು ಹೆಸರು. ನನಗೆ ಅದು ವಿಚಿತ್ರವೆನಿಸಲಿಲ್ಲ. ವಿಚಿತ್ರವೆನಿಸಿದ್ದು ನನ್ನದೇ ಕೆಲಸ. ಅಲ್ಲೊಂದು ಫಲಕವಿತ್ತು. ನಾನು ಅದರ ಮುಂದೆ ಕೈ ಹಿಂದೆ ಕಟ್ಟಿ ನಿಂತು ಗಟ್ಟಿಯಾಗಿ ಓದಲು ಶುರು ಮಾಡಿದ್ದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಓದಿ ಮುಗಿಸಿ ತಿರುಗಿದರೆ ಅಪೂರ್ವ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಹಬೆ" ಎಂದಳು. ನಾನೂ ಹಬೆ ಎಂದೆ.

ಆಮೇಲೆ ಗಟ್ಟಿಯಾದ ಲಾವಾದ ಮೇಲೆ ನಡೆದೆವು. ಬರೀ ಕಪ್ಪು ನೆಲ, ಬಿರುಕಿನಲ್ಲಿ ಅಲ್ಲೊಂದು ಇಲ್ಲೊಂದು ಗಿಡ, ಗಿಡದ ತುದಿಯಲ್ಲಿ ಕುಚ್ಚಿನಂಥ ಕೆಂಪು ಹೂವು. ನಮ್ಮ ಬೀದಿಯಲ್ಲಿ ಬೆಳಗಿನ ವಾಕಿಂಗಿಗೆ ನಾನು ಪ್ಲಾಸ್ಟಿಕ್ ಕವರ್ ಇಟ್ಟುಕೊಂಡೇ ಹೋಗುವವಳು. ಬೇಲಿಯಿಂದ ಹೊರಗೆ ಬಂದ ದಾಸವಾಳ ದೇವರದ್ದು ಎಂಬುದು ನಮ್ಮ ಹೆಂಗಸರ ಅಲಿಖಿತ ಕಾಯಿದೆ. ಇಲ್ಲಿಯೂ ದೇವರಿಗೆ ಎಂದುಕೊಂಡು ಕೈ ಚಾಚಿದೆ. "ಆಂಟಿ, ಬೇಡ" ಎಂದು ಮಾಲಿಯಾ ನನ್ನ ಮಣಿಕಟ್ಟು ಹಿಡಿದಳು. ಆ ಮರ ಒಬ್ಬ ಹುಡುಗನಂತೆ, ಹೂವು ಅವನ ಹುಡುಗಿಯಂತೆ, ದೇವಿಯ ಸಿಟ್ಟಿಗೆ ಹಾಗಾದವರಂತೆ. ಹೂವು ಕಿತ್ತರೆ ಇಬ್ಬರೂ ಅಗಲುತ್ತಾರೆ, ಅವರ ಅಳುವೇ ಮಳೆಯಾಗಿ ಬರುತ್ತದೆ ಎಂದಳು. ನಾನು ಕೈ ತೆಗೆದೆ. ಮಾಲಿಯಾ ನನ್ನನ್ನೇ ನೋಡಿ, "ಹೂವು ಅಲರ್ಜಿ ಅಂದ್ರಲ್ಲ?" ಎಂದಳು. ಸುಳ್ಳು ಸಿಕ್ಕಿಬಿದ್ದಿತ್ತು. ಅಲರ್ಜಿಯಲ್ಲ, ಗಂಡ ಹೋದ ಮೇಲೆ ನಮ್ಮಲ್ಲಿ ಹೂವು ಹಾಕಿಕೊಳ್ಳುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಅಯ್ಯೋ ಎನ್ನಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಎಷ್ಟು ದಿನ ಆಯಿತು ಎಂದಷ್ಟೇ ಕೇಳಿದಳು. ಹೇಳಿದೆ.

ಮಧ್ಯಾಹ್ನ ಸಮುದ್ರದ ದಡ. ಲಂಚ್ ಟೂರಿನಲ್ಲೇ ಸೇರಿತ್ತು, ಆದರೂ ನಾನು ಹೋಟೆಲಿನ ಮೈಕ್ರೊವೇವಿನಲ್ಲಿ ಅನ್ನ ಮಾಡಿ, ಮೊಸರು ಕಲಸಿ ಸ್ಟೀಲ್ ಡಬ್ಬಿಗೆ ತುಂಬಿ ತಂದಿದ್ದೆ. ಕಪ್ಪು ಮರಳಿನ ಮೇಲೆ ಕೂತು ಮೂವರೂ ತಿಂದೆವು. ಮಾಲಿಯಾ ಎರಡು ಸಲ ಹಾಕಿಸಿಕೊಂಡಳು. ಅವರಲ್ಲಿ ಕೆಸುವಿನ ಗಡ್ಡೆ ಅರೆದು ಹುಳಿ ಬರಿಸಿ ಹೀಗೇ ತಿನ್ನುತ್ತಾರಂತೆ. ಆಗಲೇ ಈ ಮರಳು ಮುಚ್ಚಳದೊಳಗೆ ಸೇರಿರಬೇಕು. ತಿಂದು ಮುಗಿದ ಮೇಲೆ ಅವಳು ಕೈ ತೊಳೆದು, ನಿಮ್ಮನ್ನು ಟೂರಿನಲ್ಲಿ ಇಲ್ಲದ ಒಂದು ಕಡೆ ಕರೆದುಕೊಂಡು ಹೋಗಲೇ ಎಂದು ಕೇಳಿದಳು.

ಅಲ್ಲೇ ಹತ್ತಿರ. ಕಣ್ಣು ಹಾಯುವವರೆಗೂ ಕರೀ ಲಾವಾ. ಒಂದು ಕಡೆ ಕಲ್ಲು ಜೋಡಿಸಿ ಚೌಕ ಮಾಡಿದ್ದರು. "ಇದು ನಮ್ಮ ಅಡುಗೆಮನೆ" ಎಂದಳು. ಅವಳು ಹುಡುಗಿಯಾಗಿದ್ದಾಗ ಅವರ ಊರಿದ್ದ ಜಾಗವಂತೆ. ಲಾವಾ ನಿಧಾನವಾಗಿ ಬಂತಂತೆ, ಓಡಿಹೋಗುವಷ್ಟು ಹೊತ್ತು ಕೊಟ್ಟೇ ಬಂತಂತೆ. ಅವಳಮ್ಮ ಸಾಮಾನು ಕಟ್ಟುವ ಬದಲು ಮನೆ ಗುಡಿಸಿದಳಂತೆ. ನೆಲ ಒರೆಸಿ, ಮೇಜಿನ ಮೇಲೆ ಹೂವಿಟ್ಟು, ಬಾಗಿಲು ತೆರೆದಿಟ್ಟು ಹೊರಟಳಂತೆ. ಬರುತ್ತಿರುವುದು ದೇವಿ, ಮನೆ ಗಲೀಜಾಗಿರಬಾರದು ಎಂದು.

"ನಿಮ್ಮಮ್ಮನಿಗೆ ಸಿಟ್ಟು ಬರಲಿಲ್ಲವೇ?" ಎಂದು ಕೇಳಿದೆ.

"ಬಂತು. ಬಹಳ ದಿನ ಇತ್ತು. ಆಮೇಲೆ ಇಲ್ಲಿಗೆ ಬಂದು ತೆಂಗಿನಕಾಯಿ ನೆಟ್ಟಳು."

ನೋಡಿದರೆ ನಿಜಕ್ಕೂ ಬಿರುಕುಗಳಲ್ಲಿ ತೆಂಗಿನ ಗಿಡಗಳಿದ್ದವು. ಕೆಲವು ಆಳೆತ್ತರ, ಕೆಲವು ಮೊಳಕಾಲೆತ್ತರ. ಮಾಲಿಯಾ ವ್ಯಾನಿನಿಂದ ಮೊಳಕೆಯೊಡೆದ ಕಾಯಿಯೊಂದನ್ನು ತಂದು ನನ್ನ ಎರಡೂ ಕೈಗೆ ಕೊಟ್ಟಳು. ಇದನ್ನು ನೆಡಿ ಎಂದಳು. ಸಸಿ ನೆಡುವುದು, ಅದರಲ್ಲೂ ತೆಂಗು, ಶುಭದ ಕೆಲಸ. ನಮ್ಮಲ್ಲಿ ಇದಕ್ಕೆ ಕೈಗುಣ ನೋಡುತ್ತಾರೆ. ಮಗಳು ನೆಡಲಿ, ಅವಳಿಗೆ ಮದುವೆ ಗೊತ್ತಾಗಿದೆ, ನನ್ನ ಕೈ ಬೇಡ ಎಂದೆ.

"ಇಲ್ಲಿ ಕಳೆದುಕೊಂಡವರ ಕೈಯಲ್ಲೇ ನಾವು ನೆಡಿಸೋದು" ಎಂದಳು ಮಾಲಿಯಾ. "ನಮ್ಮಮ್ಮ ಮಾಡಿದ ನಿಯಮ. ಬೇರೆಯವರಿಗೆ ಅವಸರ ಜಾಸ್ತಿ."

ಬಿರುಕಿನಲ್ಲಿ ಅವಳು ಮೊದಲೇ ಮಣ್ಣು ತುಂಬಿಸಿಟ್ಟಿದ್ದಳು. ನೆಡುವ ಮುಂಚೆ ಕಾಯಿಗೆ ಮನೆಯವರು ನೀರು ಹಾಕಬೇಕು ಎಂದು ಅಪೂರ್ವಳಿಗೆ ಸನ್ನೆ ಮಾಡಿದಳು. ಅಪೂರ್ವ ತನ್ನ ಬಾಟಲಿಯ ಮುಚ್ಚಳ ತೆಗೆದು ಮುಂದೆ ಬಂದಳು. ನಾನು ಎರಡೂ ಕೈಯಲ್ಲಿ ಕಾಯಿ ಹಿಡಿದಿದ್ದೆ. ಅವಳು ಸಣ್ಣಗೆ ನೀರು ಬಿಟ್ಟಳು. ನೀರು ಕಾಯಿಯ ಮೇಲಿಂದ ನನ್ನ ಬೆರಳುಗಳ ಸಂದಿಯಲ್ಲಿ ಇಳಿದು ಕರೀ ಕಲ್ಲಿನ ಮೇಲೆ ಬಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಎಷ್ಟೋ ಮದುವೆಗಳಲ್ಲಿ ಧಾರೆ ನೋಡಿದ್ದಾಳೆ. ಬಾಟಲಿ ಖಾಲಿಯಾಗುವವರೆಗೂ ಅವಳು ನಿಲ್ಲಿಸಲಿಲ್ಲ, ನಾನೂ ಕಾಯಿ ಇಳಿಸಲಿಲ್ಲ.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಇಂಗ್ಲಿಷ್. ಹೈಸ್ಕೂಲಿನಿಂದ ಈಚೆಗೆ ಅವಳು ನನ್ನ ಜೊತೆ ಒಂದು ಇಡೀ ವಾಕ್ಯ ಕನ್ನಡದಲ್ಲಿ ಆಡಿದ ನೆನಪಿಲ್ಲ. ಆವತ್ತು ಆಡಿದಳು.

"ಅಮ್ಮ, ನಾನು ಯಾರಿಗೋ ಕೊಡೋಕೆ ವಸ್ತು ಅಲ್ಲ. ಬಟ್, ಯಾರಾದ್ರೂ ಕೊಡ್ಲೇಬೇಕು ಅಂದ್ರೆ ನೀನು ಕೊಡು. ಚಿಕ್ಕಪ್ಪ ಬೇಡ."

ಮೊಣಕಾಲು ನೋವನ್ನೂ ಮರೆತು ಆ ಬಿರುಕಿನ ಪಕ್ಕ ಕೂತು ಕಾಯಿ ನೆಟ್ಟೆ. ವಾಪಸ್ ಬರುವಾಗ ವ್ಯಾನಿನಲ್ಲಿ, ಆಯಿತು, ನೋಡೋಣ ಎಂದೆ. ನಮ್ಮ ಭಾಷೆಯಲ್ಲಿ ನೋಡೋಣ ಎಂದರೆ ಬೇಡ ಎಂದು ಅವಳಿಗೂ ಗೊತ್ತಿದೆ. ಆದರೆ ಆವತ್ತು ನಾನು ಅದನ್ನು ನಿಜವಾಗಿಯೇ ಹೇಳಿದ್ದೆ.

ಮನೆಗೆ ಬಂದು ಸುಧಾಗೆ ಫೋನ್ ಮಾಡಿ, ಧಾರೆಗೆ ನಾನೇ ಕೂರುತ್ತೇನೇನೋ ಎಂದೆ. ಅವಳು ಅತ್ತುಬಿಟ್ಟಳು. ನೀವೇ ಕೂರಬೇಕು ಅನ್ನೋದನ್ನ ನಿಮಗೆ ಹೇಗೆ ಹೇಳೋದು ಅಂತ ನಾವಿಬ್ಬರೂ ಒದ್ದಾಡ್ತಿದ್ವಿ ಅಕ್ಕ ಎಂದಳು. ಪುರೋಹಿತರು ಮಾತ್ರ, "ಜೋಡಿ ಇದ್ರೆ ಚೆನ್ನಾಗಿರತ್ತಲ್ಲಮ್ಮ" ಎಂದು ರಾಗ ಎಳೆದರು. ಒಳ್ಳೆಯ ಮನುಷ್ಯರು, ಬೇಡ ಎನ್ನಲಿಲ್ಲ. ನನ್ನ ಧೈರ್ಯ ಸ್ವಲ್ಪ ಗಟ್ಟಿಯಾಯಿತು. ಕೈಯನ್ನು ಮಾತ್ರ ನಂಬಲಾರದೆ ಇದ್ದೆ. ಎಲ್ಲರೆದುರು ಮಂಟಪದಲ್ಲಿ ಅದು ಮತ್ತೆ ತಾನಾಗಿ ಹಿಂದಕ್ಕೆ ಹೋದರೆ ಗತಿಯೇನು?

ಮದುವೆಯ ಹಿಂದಿನ ದಿನ ಲಾಸ್ ಏಂಜಲೀಸ್‌ನಲ್ಲಿ ಸುಧಾಳ ಮನೆಯಲ್ಲಿ ಮೆಹೆಂದಿ. ಮನೆ ತುಂಬ ಹುಡುಗಿಯರು. ಮಧ್ಯಾಹ್ನ ನನ್ನ ಫೋನಿಗೆ ಮಾಲಿಯಾಳ ಮೆಸೇಜು ಬಂತು, ಜೊತೆಗೊಂದು ಫೋಟೋ. ನಾನು ನೆಟ್ಟ ಗಿಡ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಫೋಟೋದ ಕೆಳಗೆ ಏನು ಬರೆದಿದ್ದಳೋ ಓದಲೇ ಇಲ್ಲ. ಸುಧಾಳ ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ಜಿಗೆ ಒರಗಿ ನಿಂತುಬಿಟ್ಟೆ. ಬಯೋಕೆಮಿಸ್ಟ್ರಿ ಓದಿದ ತಲೆ, ಉಪ್ಪುಗಾಳಿ, ನೀರಿಲ್ಲ, ಕಲ್ಲು ನೆಲ ಎಂದು ಕಾರಣ ಎಣಿಸುತ್ತಿತ್ತು. ಎದೆ ಮಾತ್ರ ಒಂದೇ ಮಾತು ಹೇಳುತ್ತಿತ್ತು, ನೋಡು, ನಿನ್ನ ಕೈಗುಣ. ಈ ಕೈಯಲ್ಲಿ ನಾಳೆ ಮಗಳ ಕಾಯಿ ಹಿಡಿಯುತ್ತೀಯಾ? ನನಗೆ ಹೆದರಿಕೆಯಾಯಿತು. ನನಗೇನಾದರೂ ಆಗಲಿ, ಅವಳಿಗೆ ಏನೂ ಆಗಬಾರದು.

ಮಗಳ ಹತ್ತಿರ ಹೋದೆ. ಎರಡೂ ಕೈಗೆ ಮೆಹೆಂದಿ ಹಾಕಿಸಿಕೊಂಡು ಗೊಂಬೆಯ ಹಾಗೆ ಕೂತಿದ್ದಳು. ಚಿಕ್ಕಪ್ಪನೇ ಕೂರಲಿ ಕಣೇ ಎಂದು ಫೋನ್ ತೋರಿಸಿದೆ. ಮುಟ್ಟಲಾಗದೆ ಅವಳು ಕತ್ತು ಬಗ್ಗಿಸಿ ಓದಿದಳು. ನಾನು ಬಿಟ್ಟಿದ್ದ ಭಾಗವನ್ನೂ ಓದಿದಳು.

"ಅಮ್ಮ, ಡಿಡ್ ಯು ಈವನ್ ರೀಡ್ ದಿಸ್? ಡ್ಯಾಡಿ ಆಗಿದ್ರೆ ಪೂರ್ತಿ ಓದ್ತಿದ್ರು."

ಅವಳೇ ಗಟ್ಟಿಯಾಗಿ ಓದಿದಳು, ಮೊದಲಿನಿಂದ ಕೊನೆಯವರೆಗೆ. ಮಾಲಿಯಾ ಬರೆದದ್ದು ಇಷ್ಟು. ಆಂಟಿ, ನಿಮ್ಮ ಗಿಡ ಹೋಯಿತು, ನಿಮಗೆ ಹೇಳದೆ ಇರಬಾರದೆಂದು ಹೇಳುತ್ತಿದ್ದೇನೆ. ಅಮ್ಮ ನೆಟ್ಟ ಮೊದಲನೆಯದೂ ಹೋಗಿತ್ತು, ಎರಡನೆಯದೂ ಹೋಗಿತ್ತು. ಅದು ಕಲ್ಲಿನ ಗುಣ, ಕೈಯದಲ್ಲ. ನಿಮಗಾಗಿ ಇನ್ನೊಂದು ಕಾಯಿ ಮೊಳಕೆ ಬರಲೆಂದು ನೀರಿಗೆ ಹಾಕಿದ್ದೇನೆ, ಮದುವೆ ಮುಗಿಸಿಕೊಂಡು ಬನ್ನಿ.

ಕೈಗುಣದ ಮಾತನ್ನು ನಾನು ಮಾಲಿಯಾಗೆ ಆವತ್ತು ಆ ಕಲ್ಲಿನ ಮೇಲೆ ಹೇಳಿದ್ದೆ, ಅವಳು ಮರೆತಿರಲಿಲ್ಲ. ಸುಧಾ ಎಲ್ಲಿದ್ದಳೋ, ಬಂದು ನನ್ನ ಪಕ್ಕ ಕೂತಳು. "ನೀರು ನಾನು ಬಿಡ್ತೀನಿ ಅಕ್ಕ. ಭಾವನ ಜಾಗದಲ್ಲಿ ಕಾಯಿ ನೀವು ಹಿಡೀರಿ. ಜೋಡಿ ಬೇಕು ಅಂದ್ರೆ ನಾವಿಬ್ಬರೂ ಜೋಡಿ" ಎಂದಳು. ಪುರೋಹಿತರಿಗೆ ಏನು ಹೇಳುವುದು ಎಂದೆ. "ಅದು ನನಗೆ ಬಿಡಿ, ಅವರಿಗೆ ನನ್ನ ಕೈಯ ಹೋಳಿಗೆ ಬೇಕು" ಎಂದಳು.

ಮರುದಿನ ಬೆಳಗ್ಗೆ ಮಂಟಪಕ್ಕೆ ಹೊರಡುವ ಮುಂಚೆ ಸುಧಾ ಕುಂಕುಮದ ತಟ್ಟೆ ತಂದಳು. ಹಣೆಗೆ ಅವಳೇ ಇಟ್ಟಳು. ಕನ್ನಡಿ ನೋಡಿಕೊಳ್ಳಲಿಲ್ಲ, ಅಳು ಬಂದು ಹರಡಿಬಿಡುತ್ತದೆ ಎಂದು.

ಮುಹೂರ್ತ ಬಂತು. ಹುಡುಗ, ಹುಡುಗಿ, ನಡುವೆ ಅರಿಶಿನ ಹಚ್ಚಿದ ಕಾಯಿ. ಅಪೂರ್ವಳ ಮೆಹೆಂದಿಯ ಕೈಗೆ ಕೆಳಗಿನಿಂದ ನನ್ನ ಕೈ ಕೊಟ್ಟೆ. ಪುರೋಹಿತರು ಗೋತ್ರ ಹೇಳಿ, ನಮ್ಮವರ ಹೆಸರು ಹೇಳಿದರು. ಆ ಹೆಸರನ್ನು ಮಂತ್ರದ ನಡುವೆ ಕೇಳುತ್ತಲೇ ನನಗೆ ಐಪ್ಯಾಡಿನಲ್ಲಿ ಕಂಡ ಮುಖ ಎದುರಿಗೆ ಬಂತು. ಆವತ್ತು ಮುಟ್ಟಲಾಗದೆ ಹೋದ ಕೈ ಇದೇ.

ಸುಧಾ ಗಿಂಡಿ ಬಗ್ಗಿಸಿದಳು. ನೀರು ತಣ್ಣಗಿತ್ತು. ಕಾಯಿಯ ಮೇಲೆ ಬಿದ್ದು, ಮಗಳ ಬೆರಳು ದಾಟಿ, ನನ್ನ ಅಂಗೈ ತುಂಬಿ ಕೆಳಗಿಳಿಯಿತು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.